ದವಡೆ ಹಲ್ಲು ಕೀಳಿಸಿ ಆರು ತಿಂಗಳಾಯಿತು, ಹಾಗೆಯೇ ಬಿಡಬಹುದೇ?

ಕೆಳಗಿನ ದವಡೆ ಹಲ್ಲು ಕೀಳಿಸಿದ್ದೀರಿ, ಡಾಕ್ಟರು ಬ್ರಿಡ್ಜ್ (ಪಕ್ಕದ ಎರಡು ಹಲ್ಲುಗಳ ಆಸರೆಯಲ್ಲಿ ಕೂರಿಸುವ ಕೃತಕ ಹಲ್ಲು) ಇಲ್ಲವೇ ಇಂಪ್ಲಾಂಟ್ (ಮೂಳೆಗೆ ಸ್ಕ್ರೂ ಹಾಕಿ ಕೂರಿಸುವ ಹಲ್ಲು) ಎನ್ನುತ್ತಾರೆ, ಮನೆಯವರು "ಒಳಗಿನ ಹಲ್ಲು ಯಾರಿಗೆ ಕಾಣುತ್ತದೆ, ಬಿಡು" ಎನ್ನುತ್ತಾರೆ ಎಂದು ಇಂಡಿಯಿಂದ ಬರೆದಿದ್ದೀರಿ. ನಾನು ಬಾಗಲಕೋಟೆಯವಳು. ಇದೇ ಮಾತು ಕೇಳಿ ಮೂರು ವರ್ಷ ಸುಮ್ಮನಿದ್ದವಳು. ದಯವಿಟ್ಟು ಬಿಡಬೇಡಿ. ಸಾಲಿನ ಕಟ್ಟಕಡೆಯ ಹಲ್ಲಾಗಿದ್ದರೆ ಬೇರೆ ಮಾತು, ನಿಮ್ಮದು ನಡುವಿನದು.

ನನ್ನ ಬಾಯಿಯಲ್ಲಿ ಆದದ್ದು ಹೀಗೆ. ಖಾಲಿ ಜಾಗದ ಹಿಂದಿನ ಹಲ್ಲು ಮುಂದಕ್ಕೆ ವಾಲಿತು. ಮೇಲಿನ ಹಲ್ಲು, ಎದುರಿಗೆ ತಡೆಯಿಲ್ಲದೆ, ಸ್ವಲ್ಪಸ್ವಲ್ಪವೇ ಕೆಳಗಿಳಿಯಿತು. ಒಂದು ರಾತ್ರಿ ಖಡಕ್ ರೊಟ್ಟಿ ಅಗಿಯುವಾಗ ಆ ಮೇಲಿನ ಹಲ್ಲು ಕೆಳಗಿನ ಒಸಡಿಗೇ ಒತ್ತಿ ಕಣ್ಣಲ್ಲಿ ನೀರು ಬಂತು. ಆಗಲೇ ನನಗೆ ಗೊತ್ತಾದದ್ದು. ವಾಲಿದ ಹಲ್ಲಿನ ಸಂದಿಯಲ್ಲಿ ಶೇಂಗಾ ಹಿಂಡಿ ಸಿಕ್ಕಿ ಸಿಕ್ಕಿ ಅಲ್ಲಿಯೂ ಹುಳುಕು ಹಿಡಿದಿತ್ತು. ಕೊನೆಗೆ ಏನೂ ತಪ್ಪು ಮಾಡದ ಮೇಲಿನ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ, ಸವೆಸಿ, ಕ್ಯಾಪ್ ಹಾಕಿಸಿದ ಮೇಲೆಯೇ ಕೆಳಗಿನದಕ್ಕೆ ಜಾಗವಾಯಿತು.

ಬ್ರಿಡ್ಜೋ ಇಂಪ್ಲಾಂಟೋ ಎನ್ನುವುದನ್ನು ನಿಮ್ಮ ಪಕ್ಕದ ಎರಡು ಹಲ್ಲುಗಳನ್ನು ನೋಡಿ ತೀರ್ಮಾನಿಸಿ. ಬ್ರಿಡ್ಜ್ ಕೂರಿಸಬೇಕಾದರೆ ಆ ಎರಡನ್ನೂ ಸುತ್ತಲೂ ಸವೆಸುತ್ತಾರೆ. ಸವೆಸಿದ ಹೊಳಪಿನ ಪದರ ಮತ್ತೆ ಬೆಳೆಯುವುದಿಲ್ಲ. ಅವಕ್ಕೆ ಈಗಾಗಲೇ ಕ್ಯಾಪ್ ಅಥವಾ ದೊಡ್ಡ ಫಿಲ್ಲಿಂಗ್ ಇದ್ದರೆ ಬ್ರಿಡ್ಜೇ ಒಳ್ಳೆಯದು, ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ನನ್ನ ನಾದಿನಿಗೆ ಹಾಗೆಯೇ ಮಾಡಿದರು. ದಿನವೂ ಬ್ರಿಡ್ಜಿನ ಅಡಿಯಲ್ಲಿ ದಾರ ಹಾಯಿಸಿ ಸ್ವಚ್ಛ ಮಾಡುತ್ತಾಳೆ, ಎಲ್ಲವನ್ನೂ ತಿನ್ನುತ್ತಾಳೆ. ಎರಡೂ ಗಟ್ಟಿಮುಟ್ಟಾದ ಹಲ್ಲುಗಳಾಗಿದ್ದರೆ ಮಾತ್ರ ಅವುಗಳನ್ನು ಮುಟ್ಟಲು ಬಿಡಬೇಡಿ ಎಂದು ನಾನು ಹೇಳುತ್ತೇನೆ.

ಇಂಪ್ಲಾಂಟ್ ಎಂದರೆ ದವಡೆಯ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ಸ್ಕ್ರೂ. ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಉದ್ದ. ಸ್ವೀಡನ್ನಿನ ಬ್ರೊನೆಮಾರ್ಕ್ ಎಂಬ ವೈದ್ಯರು 1952ರಲ್ಲಿ ಮೊಲದ ಮೂಳೆಗೆ ಟೈಟಾನಿಯಂ ಉಪಕರಣ ಕೂರಿಸಿ ಪರೀಕ್ಷಿಸುತ್ತಿದ್ದರು. ಆಮೇಲೆ ತೆಗೆಯಹೋದರೆ ಬರಲಿಲ್ಲ, ಮೂಳೆ ಅದನ್ನು ಕಚ್ಚಿ ಹಿಡಿದಿತ್ತು. 1965ರಲ್ಲಿ ಮೊದಲ ಬಾರಿಗೆ ಮನುಷ್ಯನಿಗೆ ಹಾಕಿದರು. ಮೂಳೆ ಹಾಗೆ ಹಿಡಿದುಕೊಳ್ಳುವವರೆಗೆ ಕಾಯಬೇಕು, ನನಗೆ ಮೂರು ತಿಂಗಳಾಯಿತು. ಹಾಕುವಾಗ ಇಂಜೆಕ್ಷನ್ ಕೊಟ್ಟಿದ್ದರಿಂದ ನೋವಿರಲಿಲ್ಲ. ಯಾರೋ ದವಡೆಯನ್ನು ಅದುಮಿದಂತೆ, ತಲೆಯೊಳಗೆ ಗುಂಯ್ ಎಂದಂತೆ ಅನಿಸಿತು. ಎರಡು ದಿನ ನುಚ್ಚು ಮಜ್ಜಿಗೆ ಉಂಡೆ. ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದಿದ್ದರೆ, ಸಿಗರೇಟಿನ ಚಟವಿದ್ದರೆ ಮೂಳೆ ಸರಿಯಾಗಿ ಕೂಡುವುದು ಕಷ್ಟ. ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಕಳಚಿ ಹಾಕುವ ಹಲ್ಲು ಎಲ್ಲಕ್ಕಿಂತ ಅಗ್ಗ. ನಮ್ಮ ಅಪ್ಪ ರಾತ್ರಿ ತೆಗೆದು ನೀರಿನ ಬಟ್ಟಲಿನಲ್ಲಿ ಇಡುತ್ತಾರೆ. ಒಂದೇ ದವಡೆ ಹಲ್ಲಿಗೆ ಅದು ಹಣ ಕೂಡಿಸುವವರೆಗಿನ ಆಸರೆ, ಅಷ್ಟೇ.

ಖರ್ಚಿನ ಮಾತು. ಇಂಪ್ಲಾಂಟಿಗೆ ಹೇಳಿದ ದರದಲ್ಲಿ ಸ್ಕ್ರೂವಿನ ಮೇಲೆ ಕೂರಿಸುವ ಕ್ಯಾಪ್ ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಿ. ಸ್ಕ್ರೂವಿನ ಬೆಲೆಯನ್ನಷ್ಟೇ ಹೇಳುವವರಿದ್ದಾರೆ. ನಿಮಗೆ ವಿಜಯಪುರದ ಅಲ್-ಅಮೀನ್ ದಂತ ಕಾಲೇಜು ಹತ್ತಿರ; ಬಾಗಲಕೋಟೆಯಲ್ಲಿ ಬಿ.ವಿ.ವಿ. ಸಂಘದ್ದು, ಬೆಳಗಾವಿಯಲ್ಲಿ ಕೆ.ಎಲ್.ಇ.ಯದ್ದು ಇದೆ. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ, ಓಡಾಟ ಹೆಚ್ಚು. ವಿದ್ಯಾರ್ಥಿಗಳು ಕೆಲಸ ಮಾಡಿದರೂ ಹಿರಿಯ ಡಾಕ್ಟರು ನೋಡಿಕೊಳ್ಳುತ್ತಾರೆ.

ಆರು ತಿಂಗಳು ತಡವಾಯಿತೇ ಎಂದು ಕೇಳಿದ್ದೀರಿ. ಆಗಿಲ್ಲ. ಈ ತಿಂಗಳೇ ಹೋಗಿ ಎಕ್ಸ್-ರೇ ತೆಗೆಸಿ, ಮೂಳೆ ಎಷ್ಟಿದೆ, ಮೇಲಿನ ಹಲ್ಲು ಇಳಿದಿದೆಯೇ ಎಂಬ ಎರಡು ಪ್ರಶ್ನೆ ಕೇಳಿ. ಅವರು ಹೇಳಿದ್ದನ್ನು ಇಲ್ಲಿ ಬರೆಯಿರಿ, ನನಗೆ ತಿಳಿದಷ್ಟು ಹೇಳುತ್ತೇನೆ.