ಗುಡುಗುವ ಮೊದಲು ಮನೆಗೆ: ಸಂಪಾದಕರ ಉತ್ತರ

ಪತ್ರ (ಕೊರೊನಾ ಕಾಲ, ಅಕ್ಟೋಬರ್ 2020): "ಮಾರ್ಚ್‌ನಿಂದ ಮನೆ ಬಿಟ್ಟು ಹೊರಬಿದ್ದಿಲ್ಲ. ಮಕ್ಕಳಿಗೆ 12 ಮತ್ತು 8 ವರ್ಷ. ಮೊಬೈಲಿನಲ್ಲೇ ಶಾಲೆ, ಮೊಬೈಲಿನಲ್ಲೇ ಆಟ. ಅತ್ತೆಯವರಿಗೆ 68, ಸಕ್ಕರೆ ಕಾಯಿಲೆ ಇದೆ. ನಮ್ಮದೊಂದು ಸಣ್ಣ ಕಾರಿದೆ. ಹೊಲಗಳು ಹಸಿರಾಗಿರುವ ಈ ದಿನಗಳಲ್ಲಿ ಹೋಗಿಬರುವಂಥ ಜಾಗ ಹೇಳಿ. ಒಂದು ರಾತ್ರಿ ಉಳಿಯಬಹುದೇ? ಮಾಗಡಿ ಕೆರೆಯ ಹೆಬ್ಬಾತು ತೋರಿಸುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟಿದ್ದೇನೆ. ಮತ್ತೊಂದು ಸಣ್ಣ ಪ್ರಶ್ನೆ: ದಾರಿಯಲ್ಲಿ ಗಿರ್ಮಿಟ್ (ಕಲಸಿದ ಚುರುಮುರಿ) ತಿಂದರೆ ಏನಾದೀತು?"
(ಓದುಗರು, ವಿದ್ಯಾನಗರ, ಹುಬ್ಬಳ್ಳಿ)

ಅಕ್ಕಾವರೇ,

ಮೊದಲು ಮಕ್ಕಳಿಗೆ ಕೊಟ್ಟ ಮಾತಿನ ವಿಷಯ. ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಗೆ ಈಗ ಹೋದರೆ ನೀರು ಕಂಡೀತು, ಪಟ್ಟೆತಲೆ ಹೆಬ್ಬಾತು ಕಾಣುವುದಿಲ್ಲ. ಹಿಮಾಲಯದಾಚೆಯಿಂದ ಬರುವ ಆ ಹಕ್ಕಿಗಳು ಕೆರೆಗಿಳಿಯುವುದು ನವೆಂಬರ್‌ನಲ್ಲಿ. ಡಿಸೆಂಬರ್ ಹೊತ್ತಿಗೆ ಹಿಂಡು ದೊಡ್ಡದಾಗುತ್ತದೆ. ಬಂಕಾಪುರ ಕೋಟೆಯ ನವಿಲುಗಳದೂ ಇದೇ ಕತೆ. ನವಿಲು ಅಲ್ಲೇ ಇರುತ್ತದೆ, ಆದರೆ ಮಳೆಗಾಲ ಮುಗಿಯುವಾಗ ಗಂಡು ನವಿಲಿನ ಉದ್ದ ಗರಿಗಳೆಲ್ಲ ಉದುರಿಹೋಗಿರುತ್ತವೆ. ಗರಿ ಬಿಚ್ಚಿ ಕುಣಿಯುವುದನ್ನು ತೋರಿಸಲು ಹೋದವರಿಗೆ ಈ ತಿಂಗಳು ಸಿಗುವುದು ಮೋಟು ಬಾಲದ ಹಕ್ಕಿ. ಎರಡನ್ನೂ ಮುಂದಕ್ಕೆ ಹಾಕಿ, ಕಾರಣವನ್ನು ಮಕ್ಕಳಿಗೆ ಹೇಳಿಬಿಡಿ.

ಹಾಗಾದರೆ ಎಲ್ಲಿಗೆ? ಅದಕ್ಕಿಂತ ಮೊದಲು ಎಷ್ಟು ಹೊತ್ತಿಗೆ ಎಂದು ಕೇಳಿಕೊಳ್ಳಿ. ಮಳೆ ನಕ್ಷತ್ರಗಳಲ್ಲಿ ಹಸ್ತ ಮುಗಿದು ಚಿತ್ತಿ ಹೊಕ್ಕಿದೆ. ಈ ಮಳೆಗಳು ಮುಂಗಾರಿನಂತೆ ದಿನವಿಡೀ ಜಿನುಗುವುದಿಲ್ಲ. ಬೆಳಿಗ್ಗೆ ತೊಳೆದಿಟ್ಟಂಥ ಆಕಾಶ, ಹನ್ನೆರಡಕ್ಕೆ ಮೈ ಸುಡುವ ಬಿಸಿಲು, ಮೂರರ ಮೇಲೆ ಮೂಡಣದಲ್ಲಿ ಕರಿಮೋಡ, ಆಮೇಲೆ ಗುಡುಗು ಸಿಡಿಲು. ಜನರೂ ಹಾಗೆಯೇ, ಹತ್ತೂವರೆಯ ನಂತರ ಸೇರತೊಡಗುತ್ತಾರೆ, ಸಂಜೆಗೆ ಎಲ್ಲ ಜಾಗವೂ ಜಾತ್ರೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಮನೆ ಬಿಟ್ಟು ಮಧ್ಯಾಹ್ನ ಒಂದೂವರೆ, ಎರಡರೊಳಗೆ ಮರಳಿದರೆ ಸೋಂಕು, ಬಿಸಿಲು, ಸಿಡಿಲು ಮೂರನ್ನೂ ತಪ್ಪಿಸಿದಂತೆ. ಈಗ ಸೂರ್ಯ ಹುಟ್ಟುವುದು ಸುಮಾರು 6.20ಕ್ಕೆ. ಹೊರಡುವುದು ಮಂಗಳವಾರ, ಬುಧವಾರ ಆದರೆ ಇನ್ನೂ ಒಳ್ಳೆಯದು. ಶಾಲೆ ಮೊಬೈಲಿನಲ್ಲಿರುವಾಗ ರವಿವಾರವೇ ಆಗಬೇಕೆಂಬ ಹಟ ಯಾಕೆ? ಈ ವರ್ಷ (2020) ಅಧಿಕ ಆಶ್ವೀಜ ಮಾಸ ಬಂದು ನವರಾತ್ರಿ ಅಕ್ಟೋಬರ್ 17ಕ್ಕೆ ಹೋಗಿದೆ. ಅಷ್ಟರೊಳಗೆ ಗುಡಿಗಳ ಊರು ನೋಡಿ ಬಂದರೆ ಹಬ್ಬದ ನೂಕುನುಗ್ಗಲಿಗೆ ಸಿಗುವುದಿಲ್ಲ.

ಇನ್ನು ದಿಕ್ಕು. ಹುಬ್ಬಳ್ಳಿ-ಧಾರವಾಡದ ಮಂದಿ ತಿರುಗಾಟವೆಂದರೆ ಪಶ್ಚಿಮಕ್ಕೇ ಗಾಡಿ ತಿರುಗಿಸುತ್ತಾರೆ: ಕಲಘಟಗಿ, ಹಳಿಯಾಳ, ದಾಂಡೇಲಿ. ಕಾಡು ಚೆಲುವೇ, ಆದರೆ ಗರ್ದಿಯೂ ಅಲ್ಲೇ. ನೀವು ಮೂಡಣಕ್ಕೆ, ಗದಗಿನ ರಸ್ತೆಗೆ ಬನ್ನಿ. ಅಣ್ಣಿಗೇರಿ ದಾಟುವಾಗ ಎರಡೂ ಬದಿಗೆ ಎರಿ (ಕಪ್ಪುಮಣ್ಣಿನ) ಹೊಲ, ಕಾಯಿ ಕಟ್ಟಿದ ಹತ್ತಿ, ಹೂ ಬಿಟ್ಟ ಮೆಣಸಿನ ಗಿಡ, ಕಿತ್ತು ಸಾಲಾಗಿ ಹಾಕಿದ ಉಳ್ಳಾಗಡ್ಡಿ, ಹಿಂಗಾರಿ ಜೋಳ-ಕಡಲೆಗೆ ಹಸನು ಮಾಡಿದ ಕರಿನೆಲ. ವರ್ಷದಲ್ಲಿ ಈ ಒಂದು ತಿಂಗಳು ಮಾತ್ರ ಮುಂಗಾರಿ ಬೆಳೆಯೂ ಹಿಂಗಾರಿ ಬಿತ್ತಿಗೆಯೂ ಒಂದೇ ನೋಟದಲ್ಲಿ ಸಿಗುತ್ತವೆ.

ಹುಬ್ಬಳ್ಳಿಯಿಂದ ಗದಗ ಸುಮಾರು 60 ಕಿ.ಮೀ., ಅಲ್ಲಿಂದ ಲಕ್ಕುಂಡಿ ಇನ್ನೊಂದು 12. ಏಳೂವರೆಗೆ ತಲುಪುತ್ತೀರಿ. ಲಕ್ಕುಂಡಿಯನ್ನೇ ಹೇಳಲು ಕಾರಣವಿದೆ: ಅಲ್ಲಿಯ ಕೆತ್ತನೆಯ ಬಹುಪಾಲು ಹೊರಗೋಡೆಯಲ್ಲಿದೆ. ಗರ್ಭಗುಡಿ, ನವರಂಗಗಳೆಲ್ಲ ಕತ್ತಲೆ, ಗಾಳಿ ಆಡುವುದಿಲ್ಲ. ಒಬ್ಬರ ಉಸಿರು ಇನ್ನೊಬ್ಬರಿಗೆ ತಟ್ಟುವುದು ಇಂಥ ಕಡೆಯೇ. ಒಳಗೆ ಬೇರೆಯವರಿದ್ದರೆ ಅವರು ಹೊರಬರುವವರೆಗೆ ನಿಲ್ಲಿ, ಆಮೇಲೆ ನಿಮ್ಮವರಷ್ಟೇ ಮಾಸ್ಕ್ ಹಾಕಿಕೊಂಡು ಹೋಗಿ ಐದು ನಿಮಿಷದಲ್ಲಿ ಬನ್ನಿ. ಉಳಿದ ಸಮಯವೆಲ್ಲ ಬಯಲಿನಲ್ಲೇ ಕಳೆಯಲಿ. ಎಳೆ ಬಿಸಿಲು ಗೋಡೆಗೆ ಓರೆಯಾಗಿ ಬೀಳುವ ಎಂಟರಿಂದ ಒಂಬತ್ತೂವರೆಯೊಳಗೆ ಬಳಪದ ಕಲ್ಲಿನ ಪ್ರತಿ ಬಳ್ಳಿ, ಪ್ರತಿ ಮಣಿಗೂ ನೆರಳು ಹುಟ್ಟುತ್ತದೆ. ನಡು ಮಧ್ಯಾಹ್ನ ಅದೇ ಗೋಡೆ ಚಪ್ಪಟೆಯಾಗಿ ಕಾಣುತ್ತದೆ.

ಮೊದಲು ಕಾಶಿ ವಿಶ್ವನಾಥ. ಅಲ್ಲಿ ಶಿವ ಪೂರ್ವಕ್ಕೆ ಮುಖ ಮಾಡಿದ್ದರೆ ಎದುರಿನ ಸೂರ್ಯನ ಗುಡಿ ಪಶ್ಚಿಮಕ್ಕಿದೆ. ಎರಡು ಗುಡಿಗಳು ಮುಖಾಮುಖಿ ಯಾಕಿವೆ ಎಂದು ಮಕ್ಕಳೇ ಕೇಳಲಿ. ಬಾಗಿಲವಾಡದ ಪಟ್ಟಿಗಳನ್ನು ಒಂದೊಂದಾಗಿ ಎಣಿಸಲು ಹಚ್ಚಿ. ಕಂಬಗಳು ಚರಕಿಯಲ್ಲಿ ತಿರುಗಿಸಿ ಕಡೆದವು. ಬಳೆಯಂಥ ಗೆರೆಗಳನ್ನು ಕಣ್ಣಿನಿಂದಲೇ ನೋಡಲಿ, ಮುಟ್ಟುವುದು ಬೇಡ. ಕಲ್ಲಿಗೂ ಒಳ್ಳೆಯದು, ಕೈಗೂ ಒಳ್ಳೆಯದು. ಅಲ್ಲಿಂದ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ. ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿ ಬರೆಯಿಸಿ ಹಂಚಿದ ಹೆಣ್ಣುಮಗಳು ಆಕೆ. ಮೊಬೈಲಿನಲ್ಲಿ ಪಾಠ ಓದುವ ಮಕ್ಕಳಿಗೆ ಒಂದು ಪುಸ್ತಕದ ಸಾವಿರ ಪ್ರತಿಯನ್ನು ಕಂಠದಿಂದ (ಓಲೆಯ ಮೇಲೆ ಬರೆಯುವ ಮೊನೆಯಾದ ಕಡ್ಡಿ) ಕೊರೆದು ಬರೆಯುವ ಕೆಲಸ ಹೇಗಿದ್ದೀತೆಂದು ವಿವರಿಸಲು ಇದಕ್ಕಿಂತ ಒಳ್ಳೆಯ ಅಂಗಳ ಸಿಗಲಾರದು. ಕೊನೆಗೆ ಮಾಣಿಕೇಶ್ವರದ ಮುಸುಕಿನ ಬಾವಿ. ಮೂರು ತಿಂಗಳ ಮಳೆಗೆ ಮೆಟ್ಟಿಲುಗಳ ಮೇಲೆ ಪಾಚಿ ಕಟ್ಟಿರುತ್ತದೆ, ಒಣಗಿದಂತೆ ಕಂಡರೂ ಜಾರುತ್ತದೆ. ಎಂಟು ವರ್ಷದವನ ಕೈ ಬಿಡಬೇಡಿ, ನೀರಿನ ಅಂಚಿಗೆ ಇಳಿಸಲೇಬೇಡಿ.

ಇನ್ನೂ ಉಮೇದಿದ್ದರೆ ಗದಗಿನಿಂದ 20 ಕಿ.ಮೀ. ಆಸುಪಾಸಿನ ಡಂಬಳ. ದೊಡ್ಡಬಸಪ್ಪನ ಗುಡಿಯ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಸುತ್ತು ಹಾಕುತ್ತಾ ಮೂಲೆ ಎಣಿಸುವ ಪಂದ್ಯ ಕಟ್ಟಿದರೆ ಅರ್ಧ ತಾಸು ಹೋದದ್ದೇ ತಿಳಿಯುವುದಿಲ್ಲ. ಆದರೆ ಲಕ್ಕುಂಡಿ, ಡಂಬಳ, ಗದಗಿನ ವೀರನಾರಾಯಣ, ತ್ರಿಕೂಟೇಶ್ವರ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಬೇಡಿ. ಹಾಗೆ ಮಾಡಿದವರು ನಾಲ್ಕು ಗಂಟೆಗೆ ಸಿಡಿಲಿನ ಕೆಳಗೆ ರಸ್ತೆಯಲ್ಲಿರುತ್ತಾರೆ.

ಕಪ್ಪತಗುಡ್ಡಕ್ಕೆ ಬೇರೆಯೇ ಒಂದು ದಿನ ಇಡಿ. ಹುಲ್ಲು ಹಸಿರಾಗಿರುವುದು ಈ ತಿಂಗಳವರೆಗೆ, ಆಮೇಲೆ ಹಳದಿ ತಿರುಗುತ್ತದೆ. 2019ರಿಂದ ಅದು ವನ್ಯಜೀವಿಧಾಮ, ಔಷಧಿ ಗಿಡವೆಂದು ಒಂದೆಲೆಯನ್ನೂ ಕೀಳುವ ಹಾಗಿಲ್ಲ. ಒಳಗೆ ಎಲ್ಲಿಯವರೆಗೆ ಬಿಡುತ್ತಾರೆಂದು ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹೊರಡಿ. ಉದ್ದ ತೋಳು, ಕಾಲು ಮುಚ್ಚುವ ಪ್ಯಾಂಟು, ಪ್ಯಾಂಟಿನ ಅಂಚು ಸಾಕ್ಸಿನೊಳಗೆ: ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣೆ ಹುಳಗಳು ಮೈಗೆ ಹತ್ತುತ್ತವೆ. ಮನೆಗೆ ಬಂದೊಡನೆ ಕಿವಿ ಹಿಂದೆ, ಕಂಕುಳು, ಮೊಣಕಾಲ ಹಿಂದೆ ನೋಡಿ.

ಹಾವೇರಿ ಕಡೆಗಾದರೆ ಲೆಕ್ಕ ತಿರುಗುಮುರುಗು. ಅಲ್ಲಿಯ ಸಿದ್ಧೇಶ್ವರ ಗುಡಿಯ ಮುಖ ಪಶ್ಚಿಮಕ್ಕೆ, ಚೆಲುವೆಲ್ಲ ಇಳಿಹೊತ್ತಿನ ಬೆಳಕಿನಲ್ಲಿ. ಚಿತ್ತಿ ಮಳೆ ಕಳೆದ ಮೇಲೆ, ಚಳಿ ಬಿದ್ದಾಗ ಹೋಗಿ. ವರದಾ ತುಂಗಭದ್ರೆಯನ್ನು ಸೇರುವ ಗಳಗನಾಥ, ಹೊಳೆ ದಂಡೆಯ ಚೌಡದಾನಪುರದ ಮುಕ್ತೇಶ್ವರ ಎರಡೂ ಚೆಂದ, ಆದರೆ ನೀರಿಗೆ ಮಾತ್ರ ಇಳಿಯಬೇಡಿ. ತುಂಗೆಗೆ ಗಾಜನೂರಿನಲ್ಲಿರುವುದು ಸಣ್ಣ ಅಣೆಕಟ್ಟು. ಮಲೆನಾಡಿನಲ್ಲಿ ಮಳೆ ಬಿದ್ದರೆ ನೀರು ನಿಲ್ಲದೆ ಕೆಳಗೆ ಬರುತ್ತದೆ, ನಿಮ್ಮ ತಲೆಯ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ.

ಎರಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಪೇಟೆಯವರು ಪ್ರತಿ ವರ್ಷ ಇದರಲ್ಲೇ ಸಿಕ್ಕಿಬೀಳುತ್ತಾರೆ. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಮೇಲ್ಮೈ ಬೆಣ್ಣೆಯಂತಾಗುತ್ತದೆ. ಮೇಲೆ ಬಿಸಿಲಿಗೆ ತೊಗಟೆ ಕಟ್ಟಿ ಒಣಗಿದಂತೆ ಕಂಡರೂ ನಾಲ್ಕು ಬೆರಳು ಕೆಳಗೆ ಹಸಿಯೇ. ಹಿಂದಿನ ಸಂಜೆ ಮಳೆಯಾಗಿದ್ದರೆ ಡಾಂಬರು ಬಿಟ್ಟು ಚಕ್ಕಡಿ ದಾರಿಗೆ ಕಾರಿಳಿಸಬೇಡಿ. ಎರಡು ದಿನ ಪೂರ್ತಿ ಬಿಸಿಲು ಬೀಳಲಿ. ಗಾಲಿ ಹುಗಿದರೆ ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಗಾಡಿ ನಿಲ್ಲಿಸಿ, ಗಾಲಿಯ ಮುಂದಿನ ಕೆಸರು ತೆಗೆದು, ಒಣ ಕಣಿಕಿ (ಜೋಳದ ದಂಟು) ಇಲ್ಲವೇ ಜಲ್ಲಿಕಲ್ಲು ಹಾಸಿ, ಎರಡನೇ ಗೇರಿನಲ್ಲಿ ಕ್ಲಚ್ಚು ನಿಧಾನ ಬಿಡುತ್ತಾ ಎಬ್ಬಿಸಿ. ಕಣಿಕಿ ಕೇಳಿ ತೆಗೆದುಕೊಳ್ಳಿ, ಅದು ಯಾರದೋ ದನದ ಮೇವು. ದ್ವಿಚಕ್ರ ವಾಹನಕ್ಕೆ ಇನ್ನೂ ಕಷ್ಟ: ಮಡ್‌ಗಾರ್ಡಿನೊಳಗೆ ಅಂಟುಮಣ್ಣು ತುಂಬಿ ಗಾಲಿಯೇ ತಿರುಗುವುದಿಲ್ಲ. ಪಶ್ಚಿಮದ ಕೆಂಪು ಮಸಾರಿ ಮಣ್ಣಿನಲ್ಲಿ ನೀರು ಬೇಗ ಬಸಿಯುವುದರಿಂದ ಈ ತಾಪತ್ರಯ ಕಡಿಮೆ.

ಸಿಡಿಲಿಗೆ ಒಂದೇ ಲೆಕ್ಕ. ಮಿಂಚಿದ ಮೇಲೆ 30 ಎಣಿಸುವುದರೊಳಗೆ ಗುಡುಗಿದರೆ ಕಾರಿನೊಳಗೆ ಕುಳಿತು ಗಾಜು ಏರಿಸಿ, ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆದ ಮೇಲೆ ಇಳಿಯಿರಿ. ಬಯಲಿನ ಒಂಟಿ ಬೇವಿನ ಮರ, ಕೆರೆ ಏರಿ ಎರಡೂ ಅಪಾಯ.

ಕಾರಿನಲ್ಲಿ ಮನೆಯವರಷ್ಟೇ ಇದ್ದರೆ ಮಾಸ್ಕಿನ ತಂಟೆಯಿಲ್ಲ. ಹೊರಗಿನವರೊಬ್ಬರು ಕುಳಿತರೂ ಎಲ್ಲರಿಗೂ ಮಾಸ್ಕ್, ಎ.ಸಿ. ಬಂದ್, ಎದುರುಬದುರಿನ ಕಿಟಕಿ ನಾಲ್ಕು ಬೆರಳು ತೆರೆದಿರಲಿ. ಒಂದೇ ಕಿಟಕಿ ತೆರೆದರೆ ಗಾಳಿ ಸರಿಯಾಗಿ ಆಡುವುದಿಲ್ಲ. (ಹುಬ್ಬಳ್ಳಿ-ಧಾರವಾಡದ ಎ.ಸಿ. ಚಿಗರಿ ಬಸ್ಸಿನ ತಂಪು ಹಿತವೇ, ಆದರೆ ಈ ವರ್ಷ ಕಿಟಕಿ ತೆರೆಯುವ ಕೆಂಪು ಬಸ್ಸೇ ಮೇಲು.) ಬೆವರಿಗೆ ತೊಯ್ದ ಮಾಸ್ಕಿನಲ್ಲಿ ಉಸಿರಾಡುವುದೂ ಕಷ್ಟ, ಸೋಸುವ ಗುಣವೂ ಕಡಿಮೆ. ತಲೆಗೆ ಎರಡರಂತೆ ಒಯ್ಯಿರಿ, ಬಳಸಿದ್ದಕ್ಕೆ ಬೇರೆ ಚೀಲ. ಸ್ಯಾನಿಟೈಸರ್ ಮಣ್ಣು ಮೆತ್ತಿದ ಕೈಗೆ, ಎಣ್ಣೆಗೈಗೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಬಿಸಿಲಿಗೆ ಕಾದ ಕಾರಿನಲ್ಲಿ ಬಿಟ್ಟುಬರುವ ವಸ್ತುವೂ ಅಲ್ಲ. ನಳ ಇರುವ ಐದು ಲೀಟರಿನ ಕ್ಯಾನು, ಒಂದು ಸಾಬೂನು ಡಿಕ್ಕಿಯಲ್ಲಿದ್ದರೆ ಸಾಕು. ಕುಡಿಯುವ ನೀರು ಬೇರೆ, ತಲೆಗೆ ಒಂದೂವರೆ ಲೀಟರು.

ಬುತ್ತಿ ಮನೆಯದೇ ಇರಲಿ. ಕಟಕ ರೊಟ್ಟಿ ಹನ್ನೆರಡರಿಂದ ಹದಿನೈದು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಣಗೆ ಮಾಡಿದ ಬದನೆಕಾಯಿ ಎಣಗಾಯಿ. ರೊಟ್ಟಿ ಹಿಂದಿನ ದಿನವೇ ಆಗಬೇಕು: ಬೇಯಿಸಿದ ಮೇಲೆ ಸಣ್ಣ ಉರಿಯ ಹಂಚಿನ ಮೇಲೆ ಅರಿವೆಯಿಂದ ಒತ್ತುತ್ತಾ ಪಸೆ ಆರಿಸಿ, ಬುಟ್ಟಿಯಲ್ಲಿ ಬಿಡಿಬಿಡಿಯಾಗಿ ನಿಲ್ಲಿಸಿ ತಣಿಸಿ. ಬಿಸಿಯಿರುವಾಗಲೇ ಒಟ್ಟಿದರೆ ಬೆವತು ಮೆತ್ತಗಾಗುತ್ತವೆ. ಮೊಸರನ್ನ ಹನ್ನೊಂದಕ್ಕೆ ಹುಳಿಯಾಗುತ್ತದೆಂದು ಹಲವರು ಬಿಟ್ಟುಬಿಡುತ್ತಾರೆ. ತಪ್ಪು ಮೊಸರಿನ ಅಳತೆಯದು. 300 ಗ್ರಾಂ ಅಕ್ಕಿಯ ಅನ್ನ ಮೆತ್ತಗೆ ಮಾಡಿ ಕಿವುಚಿ, ಉಗುರುಬೆಚ್ಚಗಾದ ಮೇಲೆ ಕಾಯಿಸಿ ಆರಿಸಿದ ಮುಕ್ಕಾಲು ಲೀಟರ್ ಹಾಲು, ಎರಡೇ ಚಮಚ ಮೊಸರು ಬೆರೆಸಿ. ಬೆಳಿಗ್ಗೆ ಐದಕ್ಕೆ ಕಲಸಿದ್ದು ದಾರಿಯಲ್ಲೇ ಹೆಪ್ಪುಗಟ್ಟಿ ಉಣ್ಣುವ ಹೊತ್ತಿಗೆ ಹದಕ್ಕೆ ಬರುತ್ತದೆ. ಉಪ್ಪು, ಹೆಚ್ಚಿದ ಉಳ್ಳಾಗಡ್ಡಿ ಉಣ್ಣುವಾಗಲೇ ಹಾಕಿ. ಒಬ್ಬೊಬ್ಬರಿಗೆ ಒಂದೊಂದು ಡಬ್ಬಿ ಕಟ್ಟಿದರೆ ದಾರಿಯಲ್ಲಿ ಬಡಿಸುವ ಕೆಲಸವೂ ಉಳಿಯಿತು.

ಅತ್ತೆಯವರ ವಿಷಯದಲ್ಲಿ ಸಡಿಲ ಬೇಡ. 65 ದಾಟಿದವರು, ಬೇರೆ ಕಾಯಿಲೆ ಇರುವವರು, 10ರೊಳಗಿನ ಮಕ್ಕಳು ಅಗತ್ಯವಿಲ್ಲದೆ ಹೊರಗೆ ಹೋಗಬಾರದೆಂದು ಈ ವರ್ಷ (2020) ಸರ್ಕಾರದ ಸೂಚನೆಯೇ ಬಂದಿತ್ತು. ಆ ಲೆಕ್ಕದಲ್ಲಿ ನಿಮ್ಮ ಸಣ್ಣವನೂ ಬರುತ್ತಾನೆ. ಅವನಿಗೆ ಜನರಿಲ್ಲದ ಬಯಲಷ್ಟೇ ಇರಲಿ, ಲಕ್ಕುಂಡಿಯಲ್ಲಿ ಬಸ್ಸುಗಟ್ಟಲೆ ಜನ ಕಂಡರೆ ಇಳಿಯದೆ ಮುಂದೆ ಹೋಗಿ. ಅತ್ತೆಯವರಿಗೆ ಗುಡಿಯ ದಿನ ಬೇಡ, ಹೊಲದ ದಿನ ಇರಲಿ. ಅಕ್ಟೋಬರ್ ಕೊನೆಗೆ ಶೀಗಿ ಹುಣ್ಣಿಮೆ. ಬಂಧುಗಳ ಹೊಲವಿದ್ದರೆ ಮನೆಮಂದಿಯಷ್ಟೇ ಹೋಗಿ ಚರಗ (ಭೂತಾಯಿಗೆ ಹೊಲದಲ್ಲಿ ಚೆಲ್ಲುವ ಎಡೆ) ಚೆಲ್ಲಿ, ಬದುವಿನ ಮೇಲೆ ಅವರಿಗೊಂದು ಕುರ್ಚಿ ಹಾಕಿ ಉಂಡು ಬನ್ನಿ. ಹಳ್ಳಿಯ ಮನೆಯ ಪಡಸಾಲೆಯಲ್ಲಿ ಕೂಡುವುದು ಮಾತ್ರ ತಪ್ಪಿಸಿ: ಪೇಟೆಯಿಂದ ರೋಗ ಒಯ್ಯುವವರು ನಾವು, ಅಲ್ಲಿಯೂ ಮುದುಕರಿದ್ದಾರೆ. ಸಕ್ಕರೆ ಕಾಯಿಲೆಯವರ ಊಟದ ಹೊತ್ತು ತಪ್ಪದಿರಲಿ, ಗುಳಿಗೆ ಕೈಚೀಲದಲ್ಲೇ ಇರಲಿ, ಎರಿಯ ಬಿರುಕಿನಲ್ಲಿ ಬರಿಗಾಲು ಬೇಡ. ಅವರಿಗೆ ಮುಳ್ಳು ನಟ್ಟದ್ದು ಗೊತ್ತಾಗದೆ ಗಾಯ ಬಲಿಯುತ್ತದೆ. ಬಂಗಾರವೆಂದು ಕೊಡುವ ದಸರೆಯ ಬನ್ನಿ ಎಲೆಗೂ ಇದೇ ಮಾತು. ಈ ಸಲ ಬನ್ನಿಯನ್ನು ಹಿರಿಯರ ಮುಂದೆ ತಾಟಿನಲ್ಲಿಟ್ಟು ದೂರದಿಂದಲೇ ನಮಸ್ಕಾರ ಮಾಡಿದರೆ ಬಂಗಾರವೇನೂ ಕಡಿಮೆಯಾಗದು.

ರಾತ್ರಿ ಉಳಿಯುವುದು ಈ ತಿಂಗಳು ಬೇಡ. ಮೇಲೆ ಹೇಳಿದ ಯಾವ ಜಾಗಕ್ಕೂ ಅದರ ಅಗತ್ಯವಿಲ್ಲ. ಉಳಿಯಲೇಬೇಕೆಂದಿದ್ದರೆ ಬೇರೆ ಬಾಗಿಲು, ಬೇರೆ ಬಚ್ಚಲು ಇರುವ ಇಡೀ ಮನೆ ಹಿಡಿಯಿರಿ. ಹಿಂದಿನವರು ಖಾಲಿ ಮಾಡಿದ್ದು ಯಾವಾಗ, ಕಿಟಕಿ ತೆರೆಯುತ್ತವೆಯೇ ಎಂದು ಫೋನಿನಲ್ಲೇ ಕೇಳಿ.

ಕೊನೆಗೆ ಗಿರ್ಮಿಟ್. ಕಡಾಯಿಯಿಂದ ಆಗಷ್ಟೇ ತೆಗೆದ ಮಿರ್ಚಿ ಭಜಿಗೆ ಹೆದರಬೇಕಿಲ್ಲ, ಆ ಎಣ್ಣೆಯ ಬಿಸಿಗೆ ಯಾವ ವೈರಾಣುವೂ ಉಳಿಯದು. ಗಿರ್ಮಿಟ್ ಕೈಯಿಂದ ಕಲಸಿದ್ದು, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ. ಅದಕ್ಕೂ ಹೆಚ್ಚಿನ ಅಪಾಯ ಗಾಡಿಯ ಸುತ್ತ ಮಾಸ್ಕ್ ಇಳಿಸಿ ನಿಂತು ತಿನ್ನುವ ಗುಂಪಿನದು. ಮನೆಯಿಂದ ಚುರುಮುರಿ, ಹುರಿದ ಶೇಂಗಾ, ಪುಟಾಣಿ ಹಿಟ್ಟು, ಹುಣಸೆಹುಳಿ ಹಾಕಿ ಕುದಿಸಿದ ಉಳ್ಳಾಗಡ್ಡಿ ಒಗ್ಗರಣೆ ಬೇರೆ ಬೇರೆ ಡಬ್ಬಿಯಲ್ಲಿ ಒಯ್ದು, ತಿನ್ನುವ ಹೊತ್ತಿಗೆ ಕಲಸಿ. ಮೊದಲೇ ಕಲಸಿಟ್ಟರೆ ಚುರುಮುರಿ ಮೆತ್ತಗಾಗುತ್ತದೆ. ಮಿರ್ಚಿಯನ್ನು ಮಾತ್ರ ದಾರಿಯಲ್ಲಿ ಪಾರ್ಸಲ್ ಕಟ್ಟಿಸಿಕೊಳ್ಳಿ.