ಒಳಕ್ಕೆ ಬಾಗಿದ ಕಾಲುಗಳ ಬಗ್ಗೆ ಬರೆದವರಿಗೆ

ಮಾನ್ಯರೇ,

‘ದೇಹದ ಒಳಬಾಗುಗಳು’ ಎಂಬ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಅದರೊಳಗೆ ಜನರಿಗೆ ತಲುಪಲೇಬೇಕಾದ ಒಂದು ವಿಷಯ ಅಡಗಿರುವುದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಮಂಡಿಗಳು ಒಂದಕ್ಕೊಂದು ತಾಗುವ ಸ್ಥಿತಿಯನ್ನು ನೀವು ‘ವೇರಸ್’ ಎಂದಿದ್ದೀರಿ. ಮಂಡಿ ಒಳಕ್ಕೆ ಬಂದಿದೆಯಲ್ಲ ಎಂಬುದು ನಿಮ್ಮ ತರ್ಕವಿರಬೇಕು. ವೈದ್ಯರು ಗಮನಿಸುವುದು ಕೀಲನ್ನಲ್ಲ, ಕೀಲಿನಿಂದ ಕೆಳಗಿರುವ ಭಾಗವನ್ನು: ಅದು ದೇಹದ ನಡುಗೆರೆಯತ್ತ ವಾಲಿದ್ದರೆ ವೇರಸ್, ಹೊರಕ್ಕೆ ವಾಲಿದ್ದರೆ ವ್ಯಾಲ್ಗಸ್. ಮಂಡಿಗಳು ತಾಗುವವರ ಪಾದಗಳು ಪರಸ್ಪರ ದೂರ ಸರಿದಿರುವುದರಿಂದ ಅದು ವ್ಯಾಲ್ಗಸ್. ಬಿಲ್ಲಿನಂತೆ ಬಾಗಿದ ಕಾಲು ವೇರಸ್. ಈ ಅದಲುಬದಲಿನಿಂದ ಮುಂದಿನ ಭಾಗವೆಲ್ಲ ತಲೆಕೆಳಗಾಗಿದೆ. ಅಲ್ಲದೆ, ಮೂರು ವರ್ಷದ ಮಗುವಿನ ಮಂಡಿ ತಾಗಿದರೆ ಶಸ್ತ್ರಚಿಕಿತ್ಸೆ ಬೇಕೆಂದು ಬರೆದು ಹೆತ್ತವರನ್ನು ವೃಥಾ ಹೆದರಿಸಿದ್ದೀರಿ; 3–4ನೇ ವಯಸ್ಸಿನಲ್ಲಿ ಬಹುಪಾಲು ಮಕ್ಕಳ ಕಾಲು ಹಾಗೆಯೇ ಇದ್ದು, ಸುಮಾರು 7ರ ಹೊತ್ತಿಗೆ ತಾನಾಗಿ ನೇರವಾಗುತ್ತದೆ. ಒಂದೇ ಕಾಲು ಬಾಗಿದ್ದರೆ, ಬಾಗು ಹೆಚ್ಚುತ್ತಲೇ ಹೋದರೆ, ಅಥವಾ ಪಾವಗಡದಂತೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಧಿಕವಿರುವ ಕಡೆ ಮಗು ಬೆಳೆಯುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು ಎಂಬುದನ್ನು ಅಲ್ಲಿ ಹೇಳಿ.

ರೆಪ್ಪೆ ಒಳಮಡಚಿಕೊಂಡು ಕೂದಲು ಕಣ್ಣಿಗೆ ಉಜ್ಜುವ ಎಂಟ್ರೋಪಿಯನ್, ಮೆಳ್ಳೆಗಣ್ಣು, ಮಾಂಸದೊಳಕ್ಕೆ ಬೆಳೆಯುವ ಉಗುರು, ಇವೆಲ್ಲವನ್ನೂ ಕೈಬಿಡಿ. ಒಳಕ್ಕೆ ತಿರುಗುತ್ತವೆ ಎಂಬುದನ್ನು ಬಿಟ್ಟರೆ ಕಾರಣದಲ್ಲಾಗಲೀ ಚಿಕಿತ್ಸೆಯಲ್ಲಾಗಲೀ ಇವುಗಳಿಗೆ ನಂಟಿಲ್ಲ.

ನೀವು ನಾಲ್ಕೇ ಸಾಲಿನಲ್ಲಿ ಮುಗಿಸಿದ ಕ್ಲಬ್ ಫುಟ್ ನಿಮ್ಮ ನಿಜವಾದ ಲೇಖನ. ಸಾವಿರ ಶಿಶುಗಳಲ್ಲಿ ಸುಮಾರು ಒಂದಕ್ಕೆ ಪಾದ ಒಳಕ್ಕೂ ಕೆಳಕ್ಕೂ ತಿರುಚಿಕೊಂಡೇ ಹುಟ್ಟುತ್ತದೆ. ‘ಎಣ್ಣೆ ಹಚ್ಚಿ ನೀವಿದರೆ ಸರಿಹೋಗುತ್ತದೆ’ ಎಂಬ ವಾಕ್ಯವನ್ನು ದಯವಿಟ್ಟು ತೆಗೆದುಹಾಕಿ. ಅದನ್ನು ನಂಬಿದ ಮನೆಯಲ್ಲಿ ಚಿಕಿತ್ಸೆ ಸುಲಭವಾಗಿ ಫಲಿಸುವ ಮೊದಲ ತಿಂಗಳುಗಳೇ ಕಳೆದುಹೋಗುತ್ತವೆ. ಅಮೆರಿಕದ ಅಯೋವಾದಲ್ಲಿ ಇಗ್ನಾಸಿಯೊ ಪೊನ್ಸೆಟಿ ರೂಪಿಸಿದ ವಿಧಾನದಲ್ಲಿ ವೈದ್ಯರು ವಾರಕ್ಕೊಮ್ಮೆ ಪಾದವನ್ನು ಮೆಲ್ಲಗೆ ತಿರುಗಿಸಿ ಪ್ಲಾಸ್ಟರ್ ಹಾಕುತ್ತಾರೆ. ಸಾಮಾನ್ಯವಾಗಿ ಐದಾರು ಪ್ಲಾಸ್ಟರ್‌ಗಳಲ್ಲಿ ಪಾದ ನೇರವಾಗುತ್ತದೆ. ಬಹಳಷ್ಟು ಮಕ್ಕಳಿಗೆ ಹಿಮ್ಮಡಿಯ ಬಿಗಿದ ಸ್ನಾಯುರಜ್ಜುವನ್ನು ಚಿಕ್ಕ ಶಸ್ತ್ರಕ್ರಿಯೆಯಲ್ಲಿ ಕತ್ತರಿಸಿ ಸಡಿಲಿಸಬೇಕಾಗುತ್ತದೆ. ಕಷ್ಟದ ಭಾಗ ಆಮೇಲಿನದು. ಸರಳಿಗೆ ಜೋಡಿಸಿದ ಬೂಟುಗಳನ್ನು ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ನಂತರ ಮಗುವಿಗೆ 4–5 ವರ್ಷ ವಯಸ್ಸಾಗುವವರೆಗೂ ನಿದ್ದೆಯ ವೇಳೆ ತೊಡಿಸಬೇಕು. ಪಾದ ಚೆನ್ನಾಗಿ ಕಾಣುತ್ತಿದೆ, ಮಗು ಅಳುತ್ತಿದೆ ಎಂದು ಮನೆಯವರು ಬೂಟು ಬಿಡಿಸಿದಾಗಲೇ ಪಾದ ಮತ್ತೆ ಒಳಕ್ಕೆ ತಿರುಗುವುದು ಹೆಚ್ಚು. ನಿಮ್ಮ ಬರಹ ಇಲ್ಲಿ ನೆಲೆನಿಲ್ಲಬೇಕು, ಈ ವರ್ಷಗಳನ್ನು ತೋರಿಸಬೇಕು.

ಹೊಸ ಕರಡಿಗೆ ಮುನ್ನ ಮಗುವಿಗೆ ಈ ಬೂಟು ತೊಡಿಸಿದ ತಾಯಂದಿರನ್ನು ಮಾತನಾಡಿಸಿ, ಬರೆದದ್ದನ್ನು ಮಕ್ಕಳ ಮೂಳೆತಜ್ಞರೊಬ್ಬರಿಗೆ ಓದಿಸಿ, ಆಮೇಲೆ ನನಗೇ ನೇರವಾಗಿ ಕಳುಹಿಸಿ.

ವಂದನೆಗಳೊಂದಿಗೆ,
ಸಂಪಾದಕ