ಸಾಣೆ ಹಿಡಿದ ವಜ್ರದಲ್ಲಿ ಯಾವ ಯಾವ ಭಾಗಗಳಿರುತ್ತವೆ?

ಉಂಗುರಗಳಲ್ಲಿ ಜಾಸ್ತಿ ಕಾಣುವ ದುಂಡು ವಜ್ರವನ್ನೇ ತೆಗೆದುಕೊಳ್ಳೋಣ. ಇದಕ್ಕೆ ರೌಂಡ್ ಬ್ರಿಲಿಯಂಟ್ ಎನ್ನುತ್ತಾರೆ.

ಪಕ್ಕದಿಂದ ನೋಡಿ. ನಡುವಿಗೆ ಡಾಬು ಕಟ್ಟಿದ ಹಾಗೆ ಸುತ್ತಲೂ ತೆಳುವಾದ ಅಂಚು ಕಾಣುತ್ತದೆ, ಅಲ್ವಾ? ಅದೇ ಗರ್ಡಲ್. ಕಲ್ಲು ಅಲ್ಲೇ ಎಲ್ಲಕ್ಕಿಂತ ಅಗಲ. ಈ ಅಂಚು ತೀರಾ ತೆಳುವಾದರೆ ಪೆಟ್ಟು ಬಿದ್ದಾಗ ಚಕ್ಕೆ ಏಳಬಹುದು. ಅದರ ಮೇಲಿನ ಭಾಗ ಕ್ರೌನ್. ಕ್ರೌನಿನ ನೆತ್ತಿಯಲ್ಲಿರುವ ಎಂಟು ಮೂಲೆಯ ಚಪ್ಪಟೆ ಮುಖ ಟೇಬಲ್. ಗರ್ಡಲಿನ ಕೆಳಗೆ ಬುಗುರಿಯಂತೆ ಚೂಪಾಗುತ್ತಾ ಹೋಗುವುದು ಪೆವಿಲಿಯನ್, ಅದರ ತುದಿ ಕ್ಯೂಲೆಟ್. ತುದಿ ಚೂಪಾಗಿದ್ದರೆ ಒಟ್ಟು 57 ಮುಖ. ತುದಿಯನ್ನೂ ಸ್ವಲ್ಪ ಸವೆಸಿ ಚಪ್ಪಟೆ ಮಾಡಿದ್ದರೆ 58.

ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಪೆವಿಲಿಯನ್. ಹೊಳಪಿನ ಗುಟ್ಟು ಇರುವುದೇ ಅಲ್ಲಿ. ಮೇಲಿನಿಂದ ಒಳಗೆ ಹೋದ ಬೆಳಕು ಪೆವಿಲಿಯನ್ನಿನ ಒಂದು ಗೋಡೆಗೆ ಬಡಿದು, ಎದುರಿನ ಗೋಡೆಗೆ ಹಾರಿ, ಮತ್ತೆ ಮೇಲಿನಿಂದಲೇ ಹೊರಬರಬೇಕು. ಪೆವಿಲಿಯನ್ ತೀರಾ ಆಳವಾದರೂ, ತೀರಾ ಚಪ್ಪಟೆಯಾದರೂ ಬೆಳಕು ಕೆಳಗಿನಿಂದ ಸೋರಿಹೋಗುತ್ತದೆ. ಕಲ್ಲು ಮಂಕಾಗಿ ಕಾಣುತ್ತದೆ. 1919ರಲ್ಲಿ ಬೆಲ್ಜಿಯಂನ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್ಸ್ಕಿ ಲೆಕ್ಕ ಹಾಕಿ, ಪೆವಿಲಿಯನ್ನಿಗೆ 40.75 ಡಿಗ್ರಿ, ಕ್ರೌನಿಗೆ 34.5 ಡಿಗ್ರಿ ಓರೆ ಇರಬೇಕು ಎಂದು ತೋರಿಸಿದರು.

ನಮ್ಮ ವಜ್ರದ ಬೆಂಡೋಲೆ ದಿನಾ ಹಾಕಿಕೊಂಡರೆ ಮಂಕಾಗುವುದೂ ಇದಕ್ಕೇ. ಎಣ್ಣೆ, ಸೋಪಿನ ಜಿಡ್ಡು ಹಿಂದುಗಡೆ ಪೆವಿಲಿಯನ್ನಿಗೆ ಅಂಟಿದರೆ ಬೆಳಕು ಸರಿಯಾಗಿ ವಾಪಸ್ ಬರುವುದಿಲ್ಲ. ಹಾಗಾಗಿ ಟೇಬಲ್ ಮಾತ್ರ ಒರೆಸಿದರೆ ಸಾಲದು, ಮೆತ್ತನೆ ಬ್ರಷ್ಷಿನಿಂದ ಹಿಂಬದಿಯನ್ನೂ ಉಜ್ಜಿ ತೊಳೆಯಿರಿ.